ಸಂಪಾದಕರ ಉತ್ತರ: ಪಾರ್ಸಿಕ್ ಗುಡ್ಡ ಮತ್ತೆ ಯಾವಾಗ ಕಾಣುತ್ತದೆ?

ಮುಂಬಯಿಯ ಮುಲುಂಡಿನ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "2020ರ ಏಪ್ರಿಲ್‌ನಲ್ಲಿ ನಮ್ಮ ಟೆರೇಸಿನಿಂದ ಖಾಡಿಯ ಹಿನ್ನೀರಿನಾಚೆಯ ಪಾರ್ಸಿಕ್ ಗುಡ್ಡದ ಒಂದೊಂದು ಮಡಿಕೆಯನ್ನೂ ಎಣಿಸಬಹುದಿತ್ತು. ಉಬ್ಬಸವಿರುವ ನನ್ನಾಕೆ ಎರಡು ತಿಂಗಳು ಪಂಪ್ (ಇನ್‌ಹೇಲರ್) ಮುಟ್ಟಲಿಲ್ಲ. ಈ ಜನವರಿಯಲ್ಲಿ ಗುಡ್ಡವೇ ಕಾಣೆಯಾಗಿದೆ, ಪಂಪ್ ದಿಂಬಿನ ಪಕ್ಕಕ್ಕೆ ಬಂದಿದೆ. ಪ್ರತಿ ಚಳಿಗಾಲದಲ್ಲಿ ಹತ್ತು ದಿನ ಸರ್ಕಾರವೇ ಲಾಕ್‌ಡೌನ್ ಮಾಡಿದರೆ ಏನು ನಷ್ಟ? ಪತ್ರಿಕೆಯವರು ನೀವು ಇದನ್ನು ಯಾಕೆ ಬರೆಯುವುದಿಲ್ಲ?"

ಮಾನ್ಯರೇ,

ಒಮ್ಮೆ ಬರೆದಿದ್ದೆ. 2020ರ ಏಪ್ರಿಲ್ ಸಂಚಿಕೆ ಅಚ್ಚಾಗಲಿಲ್ಲ, ಪ್ರೆಸ್ಸಿಗೆ ಬೀಗ ಬಿದ್ದಿತ್ತು. ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹಂಚಿದೆವು. ಅದರ ಸಂಪಾದಕೀಯದಲ್ಲಿ ನೀಲಿ ಆಕಾಶ, ಕಿಟಕಿಯಾಚೆ ಕೋಗಿಲೆ, ನೆರೂಳಿನ ನೀರಿನಲ್ಲಿ ರಾಜಹಂಸ ಎಂದು ಒಂದು ಪುಟ ಹರಿಯಬಿಟ್ಟಿದ್ದೆ. (ರಾಜಹಂಸಗಳು ಪ್ರತಿ ವರ್ಷವೂ ಬರುತ್ತವೆ. ಅಲ್ಲಿಯವರೆಗೆ ನನ್ನ ಫೋನಿಗೆ ಅವುಗಳ ಚಿತ್ರ ಬಂದಿರಲಿಲ್ಲ ಅಷ್ಟೆ.) ಮೂರನೇ ದಿನ ಫೋರ್ಟಿನ ಹೋಟೆಲೊಂದರ ಹುಡುಗ ಫೋನ್ ಮಾಡಿದ. ಹೋಟೆಲ್ ಮುಚ್ಚಿತ್ತು, ಮಾಳಿಗೆಯ ಕೋಣೆಯಲ್ಲಿ ಒಂಬತ್ತು ಮಂದಿ. "ಗಾಳಿ ಭಾರೀ ಒಳ್ಳೆದುಂಟು ಅಂತ ಬರ್ದಿದ್ದೀರಲ್ಲ ಮಾರಾಯ್ರೆ, ನಮ್ಮ ರೂಮಿಗೆ ಕಿಟಕಿ ಒಂದೇ ಇರುವುದು. ಸರದಿ ಮೇಲೆ ನಿಲ್ತೇವೆ" ಎಂದ. ಊರಿಗೆ ಹೋಗಲು ರೈಲಿಲ್ಲ, ಬಸ್ಸಿಲ್ಲ. ಮೇ ತಿಂಗಳಲ್ಲಿ ಕರ್ನಾಟಕವೂ ಕೆಲಕಾಲ ಮಹಾರಾಷ್ಟ್ರದಿಂದ ಬರುವವರಿಗೆ ಬಾಗಿಲು ಹಾಕಿಕೊಂಡಿತು. ಹುಡುಗ ಅಂತೂ ಉಡುಪಿ ಮುಟ್ಟಿ ಶಾಲೆಯ ಕೋಣೆಯಲ್ಲಿ ಕ್ವಾರಂಟೈನ್ ಕೂತ. ಆ ಫೋನಿನ ನಂತರ ನೀಲಿ ಆಕಾಶದ ಬಗ್ಗೆ ಬರೆಯಲು ನನಗೆ ಕೈ ಓಡಿರಲಿಲ್ಲ. ಈಗ ನೀವು ಎಳೆದು ತಂದಿದ್ದೀರಿ.

ನೀವು ಕಂಡದ್ದು ಭ್ರಮೆಯಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ 'ಸಫರ್' ಜಾಲ 2015ರಿಂದ ಮುಂಬಯಿಯ ಗಾಳಿಯನ್ನು ಅಳೆಯುತ್ತಿದೆ. ಕೊಲಾಬಾ, ಚೆಂಬೂರು, ಭಾಂಡುಪ್, ಬೊರಿವಲಿ ಎಲ್ಲ ಕಡೆ ಅದರ ಯಂತ್ರಗಳನ್ನು ಕೂರಿಸಿದ್ದರು. ಲಾಕ್‌ಡೌನಿನಲ್ಲಿ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಆಳಕ್ಕೆ ಬಿದ್ದದ್ದು ನೈಟ್ರೋಜನ್ ಡೈಆಕ್ಸೈಡ್. ಅದು ಹೆಚ್ಚಾಗಿ ವಾಹನದ ಎಂಜಿನ್ನಿನ ಕೂಸು, ಗಾಳಿಯಲ್ಲಿ ಅದರ ಆಯುಸ್ಸು ಕೆಲವೇ ಗಂಟೆ. ಗಾಡಿ ನಿಂತರೆ ಒಂದೆರಡು ದಿನದಲ್ಲೇ ಲೆಕ್ಕ ಇಳಿಯುತ್ತದೆ, ಗಾಡಿ ಹೊರಟರೆ ಅಷ್ಟೇ ಬೇಗ ಏರುತ್ತದೆ.

ಗುಡ್ಡವನ್ನು ಮರೆಮಾಡುವುದು ಮಾತ್ರ ಬೇರೆ ಪದಾರ್ಥ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಇವೂ ಇಳಿದವು, ಆದರೆ ಅಷ್ಟು ಕಡಿದಾಗಿ ಅಲ್ಲ. ಏಕೆಂದರೆ ಇವಕ್ಕೆ ಅಪ್ಪ ಒಬ್ಬನಲ್ಲ. ಡೀಸೆಲ್ ಹೊಗೆ, ಕಸದ ಬೆಂಕಿ, ಕಟ್ಟಿಗೆ ಒಲೆ, ವಿದ್ಯುತ್ ಸ್ಥಾವರ ಎಲ್ಲಕ್ಕೂ ಪಾಲಿದೆ. ಇನ್ನೊಂದಿಷ್ಟು ಕೊಳವೆಯಿಂದ ಹೊರಡುವಾಗ ಕಣವೇ ಆಗಿರುವುದಿಲ್ಲ, ಅನಿಲವಾಗಿ ಹೊರಟು ದಾರಿಯಲ್ಲಿ ಒಂದಕ್ಕೊಂದು ಕೂಡಿ ಕಣವಾಗುತ್ತದೆ. ದೇಶವೆಲ್ಲ ಮನೆಯಲ್ಲಿ ಕೂತಿದ್ದಾಗಲೂ ವಿದ್ಯುತ್ ಬೇಕಿತ್ತು, ಅನ್ನ ಬೇಯಬೇಕಿತ್ತು.

ಓಝೋನಿನ ಕಥೆ ಇನ್ನೂ ವಿಚಿತ್ರ. ಹಲವು ನಗರಗಳಲ್ಲಿ ಲಾಕ್‌ಡೌನ್ ದಿನಗಳಲ್ಲಿ ಅದು ಹೆಚ್ಚಾಯಿತು. ನೆಲಮಟ್ಟದ ಓಝೋನ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉಬ್ಬಸದವರಿಗಂತೂ ಅಲ್ಲವೇ ಅಲ್ಲ. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಹಾಕುತ್ತಿರುತ್ತದೆ. ಹೊಗೆ ನಿಂತಿತು, ತಿನ್ನುವವರಿಲ್ಲ. ಬೆಕ್ಕು ಊರಿಗೆ ಹೋದ ಮನೆಯಲ್ಲಿ ಇಲಿ ಹೆಚ್ಚಿದ ಹಾಗೆ. ಕಣ್ಣಿಗೆ ನೀಲಿಯಾಗಿ ಕಂಡ ಆಕಾಶದಲ್ಲೂ ಇಂಥದ್ದು ಇರಬಹುದು.

ಈಗ ನಿಮ್ಮ ಹೋಲಿಕೆಯ ವಿಷಯ. ಏಪ್ರಿಲನ್ನು ಜನವರಿಯ ಪಕ್ಕದಲ್ಲಿಟ್ಟು ತೂಗಿದ್ದೀರಿ, ಅಲ್ಲಿ ತಕ್ಕಡಿ ವಾಲುತ್ತದೆ. ಮುಂಬಯಿಗೆ ಸಮುದ್ರವೇ ಜಾಡಮಾಲಿ. ಬೇಸಿಗೆಯಲ್ಲಿ ಮಧ್ಯಾಹ್ನ ತಿರುಗಿದರೆ ಸಾಕು, ಪಡುಗಾಳಿ ಎದ್ದು ಊರಿನ ಕೊಳೆಯನ್ನು ಗುಡಿಸಿ ಒಳನಾಡಿಗೆ ತಳ್ಳುತ್ತದೆ. ನೆಲ ಕಾದು ಗಾಳಿ ಎತ್ತರಕ್ಕೆ ಹೋಗಿ ಕಲಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಪಡುಗಾಳಿ ತಡವಾಗಿ, ಸೊರಗಿ ಬರುತ್ತದೆ. ರಾತ್ರಿಯೆಲ್ಲ ನೆಲದ ಕಡೆಯಿಂದ ಮೆಲ್ಲಗೆ ಗಾಳಿ. ಮೇಲೆ ಬೆಚ್ಚನೆಯ ಪದರ ಪಾತ್ರೆಗೆ ತಟ್ಟೆ ಮುಚ್ಚಿದಂತೆ ಕೂತಿರುತ್ತದೆ. ಮಾಮೂಲಿ ವರ್ಷದ ಏಪ್ರಿಲ್ ಕೂಡ ಮಾಮೂಲಿ ಜನವರಿಗಿಂತ ತಿಳಿಯೇ. ಲಾಕ್‌ಡೌನ್ ಎಷ್ಟು ತೊಳೆಯಿತು ಎಂದು ನೋಡಲು 2020ರ ಏಪ್ರಿಲನ್ನು 2019ರ ಏಪ್ರಿಲಿನ ಜೊತೆ ಇಡಬೇಕು. ಆಗಲೂ ವ್ಯತ್ಯಾಸ ಕಾಣುತ್ತದೆ, ಆದರೆ ನಿಮ್ಮ ಟೆರೇಸಿನಿಂದ ಕಂಡಷ್ಟು ದೊಡ್ಡದಲ್ಲ. 2022-23ರ ಚಳಿಗಾಲ ನೆನಪಿದೆಯೇ? ಮುಂಬಯಿ ಗಾಳಿ ದೆಹಲಿಯ ಜೊತೆ ಪೈಪೋಟಿಗೆ ಇಳಿದಿತ್ತು. ಸಫರ್ ಕಟ್ಟಿದ ಗುಫ್ರಾನ್ ಬೇಗ್ ಅವರು ಸತತ ಮೂರನೇ ವರ್ಷದ ಲಾ ನಿನಾವನ್ನು, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ತಣ್ಣಗಾಗಿ ಗಾಳಿಯ ಗತಿ ಬದಲಾಗುವುದನ್ನು, ಅದಕ್ಕೆ ಒಂದು ಕಾರಣವಾಗಿ ಹೇಳಿದರು. ಗಾಳಿಯ ಗತಿ ಕೆಟ್ಟರೆ ಅಷ್ಟೇ ಹೊಗೆ ಎರಡರಷ್ಟು ಕಾಡುತ್ತದೆ.

ನಿಮ್ಮ ಮನೆಯವರ ಪಂಪ್ ಬಗ್ಗೆ ನಾನು ವೈದ್ಯನಲ್ಲ. ಒಂದು ಮಾತು ಮಾತ್ರ: ಆ ಎರಡು ತಿಂಗಳು ಅವರು ಎಲ್‌ಬಿಎಸ್ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತಿರಲಿಲ್ಲ, ಮಾರ್ಕೆಟ್ಟಿನ ಗದ್ದಲಕ್ಕೆ ಹೋಗಿರಲಿಲ್ಲ, ಹೊರಗೆ ಕಾಲಿಟ್ಟರೆ ಮಾಸ್ಕ್. ನೆಗಡಿ ಅಂಟಿಸುವ ಮೊಮ್ಮಕ್ಕಳೂ ಬಂದಿರಲಿಲ್ಲವೇನೋ. ಶ್ರೇಯಸ್ಸನ್ನೆಲ್ಲ ಆಕಾಶಕ್ಕೆ ಬರೆಯಬೇಡಿ.

ನನಗೆ ನಿಜಕ್ಕೂ ಹೇಳಬೇಕಿರುವುದು ಇದು. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಮುಗಿಯುವಷ್ಟರಲ್ಲಿ ಲೋಕಲ್ ಟ್ರೈನ್ ನಿಂತಿತು. ನಾವೆಲ್ಲ ಅದನ್ನು ಗಾಳಿ ತಿಳಿಯಾದ ಕಥೆಯ ಜೊತೆಯಲ್ಲೇ ಹೇಳುತ್ತೇವೆ. ಆದರೆ ಲೋಕಲ್ ಓಡುವುದು ಕರೆಂಟಿನಲ್ಲಿ, ಅದು ಊರೊಳಗೆ ಹೊಗೆ ಬಿಡುವುದಿಲ್ಲ. ದಿನಕ್ಕೆ 75 ಲಕ್ಷದಷ್ಟು ಪಯಣಿಗರನ್ನು ಹೊಗೆಯಿಲ್ಲದೆ ಸಾಗಿಸುತ್ತಿದ್ದ ಗಾಡಿ ಅದು. ಲಾಕ್‌ಡೌನ್ ನಿಲ್ಲಿಸಬಾರದ್ದನ್ನೂ ನಿಲ್ಲಿಸಿತ್ತು. ಅದರ ಬೆಲೆ ಕಂಡದ್ದು ಬೀಗ ತೆಗೆದ ಮೇಲೆ. ಜೂನ್‌ನಲ್ಲಿ ಆಫೀಸುಗಳು ಒಂದೊಂದೇ ತೆರೆದವು. ಜೂನ್ 15ರಿಂದ ಲೋಕಲ್ ಶುರುವಾದದ್ದು ಅಗತ್ಯ ಸೇವೆಯವರಿಗೆ ಮಾತ್ರ. ನಿಮ್ಮ ನನ್ನಂಥವರಿಗೆ ಅದು ಸಿಕ್ಕಿದ್ದು 2021ರ ಫೆಬ್ರವರಿ 1ರಂದು, ಅದೂ ಹೊತ್ತು ಗೊತ್ತು ನೋಡಿಕೊಂಡು. ನಡುವಿನ ತಿಂಗಳುಗಳಲ್ಲಿ ದೂರದ ಡೊಂಬಿವಿಲಿ, ಕಲ್ಯಾಣದವರು ಬಸ್ಸಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತರು. ತಡೆಯಲಾರದವರು ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡರು. ನಮ್ಮ ಪ್ರೂಫ್ ನೋಡುವವರೂ ತೆಗೆದುಕೊಂಡರು. ಲೋಕಲ್ ಬಂದ ಮೇಲೂ ಆ ಸ್ಕೂಟರ್ ಮನೆಯಲ್ಲಿ ಸುಮ್ಮನೆ ನಿಂತಿಲ್ಲ.

ಹಾಗಾಗಿ ನಿಮ್ಮ ಹತ್ತು ದಿನದ ಯೋಜನೆಗೆ ನಾನು ಸಹಿ ಹಾಕಲಾರೆ. ಹನ್ನೊಂದನೇ ದಿನ ಎಲ್ಲವೂ ಹಳೆಯ ಜಾಗಕ್ಕೆ ಬರುತ್ತದೆ, ದಿನಗೂಲಿಯವನ ಹತ್ತು ದಿನದ ಸಂಬಳ ಮಾತ್ರ ಬರುವುದಿಲ್ಲ. ಇದು ಊಹೆಯಲ್ಲ, ಸಣ್ಣ ಪ್ರಮಾಣದಲ್ಲಿ ಮಾಡಿಯೂ ನೋಡಿದ್ದಾರೆ. ದೆಹಲಿಯಲ್ಲಿ 2017ರಿಂದ ಗಾಳಿ ಕೆಟ್ಟಂತೆಲ್ಲ ಹಂತಹಂತವಾಗಿ ಕಾಮಗಾರಿ, ಲಾರಿ ನಿಲ್ಲಿಸುವ ಪದ್ಧತಿಯಿದೆ, ಪ್ರತಿ ಚಳಿಗಾಲವೂ ಅದೇ ಪಾಠ ಮೊದಲಿಂದ ಶುರು. ನಮ್ಮಲ್ಲಿ 2024ರ ಡಿಸೆಂಬರ್ ಕೊನೆಯಲ್ಲಿ ಮಹಾನಗರ ಪಾಲಿಕೆ ಭಾಯ್ಖಳಾ ಮತ್ತು ಬೊರಿವಲಿ ಪೂರ್ವದಲ್ಲಿ ಕಟ್ಟಡ ಕೆಲಸ ನಿಲ್ಲಿಸಿತು. ಬಿಲ್ಡರನಿಗೆ ಬಡ್ಡಿಯ ಚಿಂತೆ ಇದ್ದೀತು. ಬೆಳಿಗ್ಗೆ ನಾಕಾದಲ್ಲಿ (ಬೀದಿ ಕೂಡುವ ಜಾಗದಲ್ಲಿ) ಕೂಲಿ ಕೆಲಸಕ್ಕಾಗಿ ಬುತ್ತಿ ಹಿಡಿದು ನಿಲ್ಲುವ ಕಲಬುರಗಿ, ಯಾದಗಿರಿಯ ನಮ್ಮವರಿಗೆ ಆ ದಿನಗಳು ಏನಾದವು ಎಂದು ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಕೆಲಸ ನಿಲ್ಲಿಸುವುದಕ್ಕಿಂತ ಧೂಳು ನಿಲ್ಲಿಸುವುದು ಕಷ್ಟ, ಆದ್ದರಿಂದಲೇ ಅದನ್ನು ಕೇಳಬೇಕು. 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಹೊರಡಿಸಿದ ನಿಯಮಗಳಲ್ಲಿ ಎತ್ತರದ ತಗಡಿನ ಬೇಲಿ, ನೀರಿನ ಸಿಂಪಡಣೆ, ಲಾರಿಯ ಚಕ್ರ ತೊಳೆಯುವುದು ಎಲ್ಲ ಇದೆ. ನಿಮ್ಮ ಬೀದಿಯ ಸೈಟಿನ ಮುಂದೆ ಐದು ನಿಮಿಷ ನಿಂತು ನೋಡಿ, ಹೊರಬರುವ ಡಂಪರಿನ ಚಕ್ರ ಒದ್ದೆಯಾಗಿದೆಯೇ ಎಂದು. ಪಾವ್ ಸುಡುವ ಬೇಕರಿಗಳ ಭಟ್ಟಿಯಲ್ಲಿ ಹಳೆಯ ಪೀಠೋಪಕರಣದ ಕಟ್ಟಿಗೆ, ಬಣ್ಣ ಸಮೇತ, ಉರಿಯುತ್ತಿತ್ತು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಿ ಎಂದಿತು. ಕೆಲವರು ಬದಲಾದರು, ಕೆಲವರು ಗಡುವು ಮುಂದೂಡಿ ಎಂದು ಕೇಳಿದರು. ಊರಿನ ಸಾರ್ವಜನಿಕ ಬಸ್ ಸಂಸ್ಥೆ ಬೆಸ್ಟ್‌ನ ಬಸ್ಸುಗಳ ಸಂಖ್ಯೆ ಹಿಂದೆ ನಾಲ್ಕು ಸಾವಿರದ ಮೇಲಿತ್ತು, ಮೂರು ಸಾವಿರಕ್ಕಿಂತ ಕೆಳಗೆ ಇಳಿಯಿತು. 2025ರ ಮೇ ತಿಂಗಳಲ್ಲಿ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10 ಆಯಿತು. ಗಾಳಿ ತಿಳಿಯಾಗಬೇಕು ಎನ್ನುವ ಊರು ಬಸ್ಸು ಕಡಿಮೆ ಮಾಡಿ ಟಿಕೆಟ್ ಏರಿಸಿತು! ಲಾಕ್‌ಡೌನ್ ಬೇಕು ಎಂದು ಪತ್ರ ಬರೆಯುವ ನಮ್ಮ ಓದುಗರು ಇದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲವಲ್ಲ ಎಂದು ನನಗೆ ಸಣ್ಣ ಸಿಟ್ಟಿದೆ. ಹಿರಿಯರು, ಮನ್ನಿಸಿ.

ಪತ್ರದ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಒಂದು ಪ್ರಶ್ನೆ ಇದೆ, ಪ್ರಾಯಶಃ ನಿಮ್ಮ ಮನೆಯವರದೇ: "ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ಕಿಟಕಿ ತೆರೆದಿಡುತ್ತೇನೆ, ಸರಿಯೇ?" ಅಮ್ಮಾ, ಆ ಹೊತ್ತಿನಲ್ಲಿ ಬೇಡ. ರಾತ್ರಿ ಕೂಡಿದ ಕೊಳೆ ಬೆಳಗಿನ ಜಾವ ನೆಲಕ್ಕೇ ಅಂಟಿಕೊಂಡಿರುತ್ತದೆ. ಬಿಸಿಲೇರಿ ಪಡುಗಾಳಿ ಬೀಸಲು ಶುರುವಾದ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ ತೆರೆಯಿರಿ. ವಾಕಿಂಗ್ ಇದ್ದರೆ ಅದನ್ನೂ ಸಂಜೆಯ ಮೊದಲ ಭಾಗಕ್ಕೆ ಬದಲಿಸಿಕೊಳ್ಳಿ. ಅಗರಬತ್ತಿ ಒಂದೇ ಸಾಕು, ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಇರಲಿ. ಪಂಪನ್ನು ಮಾತ್ರ ಗುಡ್ಡ ಕಾಣುತ್ತದೋ ಇಲ್ಲವೋ ನೋಡಿ ಬಿಡಬೇಡಿ, ಡಾಕ್ಟರನ್ನು ಕೇಳಿ ಬಿಡಿ.

— ಸಂ.