ಅಷ್ಟು ದುಡ್ಡಿರುವ ಅಮೆರಿಕದ ಸೇನೆಗೆ ಒಂದು ಬಾವಿ ತೋಡಿಸಲು ಯಾಕೆ ಇಷ್ಟೊಂದು ಕಾನೂನು?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಸೇನೆಗೆ ವರ್ಷಕ್ಕೆ 800 ಬಿಲಿಯನ್ ಡಾಲರ್‌ಗೂ ಜಾಸ್ತಿ ಸಿಗುತ್ತದೆ. ಹಾಗಿದ್ದೂ ಹೊರದೇಶದಲ್ಲಿರುವ ಕಮಾಂಡರ್ ಅಲ್ಲಿನ ಹಳ್ಳಿಗೊಂದು ಬಾವಿ ತೋಡಿಸಬೇಕಾದರೆ ವಕೀಲರನ್ನು ಕೇಳಬೇಕು. ಇದು ಸುಮ್ನೆ ಕಾಗದಪತ್ರದ ಕಾಟ ಅಲ್ವಾ?

ಅಲ್ಲ ಎಂದೇ ನಾನು ಹೇಳುತ್ತೇನೆ. ವರ್ಜೀನಿಯಾದಲ್ಲಿ ಸೇನೆಯ ಗುತ್ತಿಗೆ ಹಿಡಿಯುವ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದೆ. ಮೊದಲ ವರ್ಷ ನನಗೂ ಇದು ಕಾಟವೇ ಅನಿಸಿತ್ತು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಯಾವ ಹೆಡ್‌ನಿಂದ ದುಡ್ಡು?' ಎಂದು ಕೇಳುತ್ತಾರಲ್ಲ, ಅಲ್ಲೂ ಅದೇ ಮೊದಲ ಪ್ರಶ್ನೆ. ಹೆಡ್ ಅಂದರೆ ಇಂಥ ಕೆಲಸಕ್ಕೆ ಎಂದು ಬೇರೆಯಾಗಿ ಇಟ್ಟ ಹಣದ ಲೆಕ್ಕ. ಇಂಧನ, ತರಬೇತಿ, ರಿಪೇರಿಯಂಥ ದಿನನಿತ್ಯದ ಖರ್ಚಿಗೆ ಒಂದು ಹೆಡ್. ಅದನ್ನು 'ಆಪರೇಷನ್ ಅಂಡ್ ಮೇಂಟೆನೆನ್ಸ್' ಎನ್ನುತ್ತಾರೆ. ಅದರ ಆಯಸ್ಸು ಸಾಮಾನ್ಯವಾಗಿ ಒಂದೇ ವರ್ಷ. ಸೇನಾ ಕಟ್ಟಡಗಳಿಗೆ ಬೇರೆ ಹೆಡ್, ಅದಕ್ಕೆ 5 ವರ್ಷ. ಬೇರೆ ದೇಶಕ್ಕೆ ಕೊಡುವ ನೆರವು ಮತ್ತೊಂದು, ಅದರ ಹಿಡಿತ ಬಹುಮಟ್ಟಿಗೆ ವಿದೇಶಾಂಗ ಇಲಾಖೆಯದು. ಒಂದರ ದುಡ್ಡು ಇನ್ನೊಂದಕ್ಕೆ ಹಾಕುವಂತಿಲ್ಲ. ಸಂಸತ್ತು ಕಾನೂನು ಮಾಡಿ ಕೊಡದೆ ಖಜಾನೆಯಿಂದ ಒಂದು ಡಾಲರೂ ಹೊರಡಬಾರದು ಎಂದು ಅವರ ಸಂವಿಧಾನದ 1ನೇ ವಿಧಿಯಲ್ಲೇ ಇದೆ.

ಇದರ ಬೆಲೆ ನನಗೆ ಅರ್ಥವಾಗಿದ್ದು ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಪ್ರಕರಣ ಓದಿದ ಮೇಲೆ. 1983ರ ಆಗಸ್ಟ್‌ನಲ್ಲಿ ಅಮೆರಿಕದ ಸೇನೆ ಅಲ್ಲಿ 'ಅಹುವಾಸ್ ತಾರಾ 2' ಎಂಬ ಸಮರಾಭ್ಯಾಸ ಶುರು ಮಾಡಿತು. ಅದು ಮುಗಿದದ್ದು ಮರುವರ್ಷ ಫೆಬ್ರವರಿಯಲ್ಲಿ. ಪಕ್ಕದಲ್ಲೇ ನಿಕರಾಗುವಾ. ಅಲ್ಲಿನ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಕಾಂಟ್ರಾಗಳಿಗೆ ಅಮೆರಿಕ ಎಷ್ಟು ಹಣ ಕೊಡಬೇಕು ಎಂದು ಅಮೆರಿಕದ ಸಂಸತ್ತಿನಲ್ಲಿ ದೊಡ್ಡ ಜಗಳ ನಡೆದಿತ್ತು. ಕೊನೆಗೆ ಆ ಸಾಲಿಗೆ 24 ಮಿಲಿಯನ್ ಡಾಲರ್ ಮಿತಿ ಹಾಕಿದರು. ಅದೇ ಹೊತ್ತಿಗೆ ಈ 'ಅಭ್ಯಾಸ'ದ ಹೆಸರಿನಲ್ಲಿ ವಿಮಾನ ಇಳಿದಾಣಗಳು ಬಂದವು, ನೂರಾರು ಮರದ ಗುಡಿಸಲುಗಳು ಎದ್ದವು, ಹೊಂಡುರಾಸ್ ಸೈನಿಕರಿಗೆ ತರಬೇತಿ ಸಿಕ್ಕಿತು, ಊರಿನ ಜನರಿಗೆ ಚುಚ್ಚುಮದ್ದು, ಅವರ ದನಕರುಗಳಿಗೂ ಚಿಕಿತ್ಸೆ ನಡೆಯಿತು. ಹೆಚ್ಚಿನದೆಲ್ಲ ದಿನನಿತ್ಯದ ಖರ್ಚಿನ ಹೆಡ್‌ನಿಂದ.

ಅರ್ಕಾನ್ಸಾದ ಸಂಸದ ಬಿಲ್ ಅಲೆಕ್ಸಾಂಡರ್ ಸಂಸತ್ತಿನ ಲೆಕ್ಕಪರಿಶೋಧಕರನ್ನು ಕೇಳಿದರು: ಇದು ಸರಿಯೇ? 1984ರ ಜೂನ್ 22ರಂದು ಉತ್ತರ ಬಂತು. ಬಹಳಷ್ಟು ಸರಿಯಿಲ್ಲ. ಅಭ್ಯಾಸಕ್ಕೆಂದು ಕಟ್ಟಿದರೂ ಕಟ್ಟಡ ಕಟ್ಟಡವೇ. ದಿನನಿತ್ಯದ ಹೆಡ್‌ನಿಂದ ಒಂದು ಕಾಮಗಾರಿಗೆ ಆಗ ಇದ್ದ ಮಿತಿ 2 ಲಕ್ಷ ಡಾಲರ್, ಅದನ್ನು ಮೀರಿದ್ದಕ್ಕೆ ಕಟ್ಟಡದ ಹೆಡ್ ಬೇಕು. ತರಬೇತಿಯ ವಿಷಯದಲ್ಲಿ ಅವರು ಎಳೆದ ಗೆರೆ ನನಗೆ ತುಂಬಾ ಇಷ್ಟ. ಜೊತೆಯಲ್ಲಿ ಅಭ್ಯಾಸ ಮಾಡುವಾಗ ಅಪಘಾತ ಆಗದಿರಲಿ, ಎರಡೂ ಸೇನೆಗಳ ಕೆಲಸ ಒಂದಕ್ಕೊಂದು ಹೊಂದಲಿ ಎಂದು ಸ್ವಲ್ಪ ಹೇಳಿಕೊಡುವುದು ಸರಿ. ಪರದೇಶದ ಸೈನಿಕನನ್ನೇ ತಯಾರು ಮಾಡಿದರೆ ಅದು ನೆರವು, ನೆರವಿನ ಹೆಡ್‌ನಿಂದಲೇ ಕೊಡಬೇಕು. ವೈದ್ಯಕೀಯ ಸೇವೆಗೂ ಇದೇ ಮಾತು.

ಚುಚ್ಚುಮದ್ದು ಕೆಟ್ಟ ಕೆಲಸ ಎಂದು ಯಾರೂ ಹೇಳಲಿಲ್ಲ. ಆದರೆ ಸಂಸತ್ತು ಎಣಿಸಿ 24 ಮಿಲಿಯನ್ ಎಂದು ನಿಲ್ಲಿಸಿದ ಪ್ರದೇಶದಲ್ಲೇ, ಯಾರನ್ನೂ ಕೇಳದೆ ನೆಲೆಗಳು ಎದ್ದು ನಿಂತಿದ್ದವು. ಹೆಡ್ ತಪ್ಪಿದರೆ ಹೀಗೆ ಜನಪ್ರತಿನಿಧಿಗಳ ಕಣ್ಣು ತಪ್ಪಿಸಿ ದೇಶ ಯುದ್ಧದ ಹತ್ತಿರ ಹೋಗಬಹುದು. ನನಗೆ ಇದೇ ಮುಖ್ಯ. ಆಮೇಲೆ ಸಂಸತ್ತು ಬೇರೆಯದೇ ಕಾನೂನು ಮಾಡಿ, ಅಭ್ಯಾಸಕ್ಕೆ ಹೋದಲ್ಲಿ ಬಾವಿ, ಹಳ್ಳಿ ರಸ್ತೆ, ಚಿಕಿತ್ಸೆಯಂಥ ಸಣ್ಣ ಕೆಲಸಗಳಿಗೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ನೀವು ಕೇಳಿದ ಬಾವಿಗೆ ದಾರಿ ಇದೆ, ಕೇಳಿ ತೋಡಬೇಕು ಅಷ್ಟೆ.

ನಾನೇ ಕಂಡದ್ದೊಂದು ಹೇಳುತ್ತೇನೆ. ಒಂದು ಗೋದಾಮಿನ ಕೆಲಸ ನಮ್ಮ ಮೇಜಿಗೆ ಮೂರು ಕಾಮಗಾರಿಯಾಗಿ ಬಂತು. ನೆಲದ ಕಾಂಕ್ರೀಟ್ ಒಂದು, ಗೋಡೆ ಚಾವಣಿ ಒಂದು, ಕರೆಂಟ್ ಒಂದು. ಒಂದೊಂದೂ ಮಿತಿಯ ಒಳಗೆ. ಸೆಪ್ಟೆಂಬರ್ ಕೊನೆ ವಾರ, ಅಲ್ಲಿನ ಹಣಕಾಸು ವರ್ಷ ಮುಗಿಯುವ ಹೊತ್ತು, ನಮ್ಮ ಮಾರ್ಚ್ ಇದ್ದ ಹಾಗೆ. ಎಲ್ಲರಿಗೂ ಅವಸರ. ಸೇನೆಯ ವಕೀಲರು ಒಂದೇ ಮಾತು ಕೇಳಿದರು: 'ಚಾವಣಿ ಇಲ್ಲದೆ ಆ ನೆಲ ಯಾವ ಉಪಯೋಗಕ್ಕೆ?' ಮೂರೂ ಕಡತ ವಾಪಸ್ ಹೋದವು. ಬಳಸಲು ಬರುವ ಪೂರ್ತಿ ಕಟ್ಟಡವನ್ನು ಒಂದೇ ಕಾಮಗಾರಿ ಎಂದು ಎಣಿಸಬೇಕು, ತುಂಡು ಮಾಡುವಂತಿಲ್ಲ. ಆ ವಕೀಲರ ಮೇಲೆ ನನಗೆ ಇವತ್ತಿಗೂ ಗೌರವ. ತಪ್ಪಿದ ಹೆಡ್‌ನ ದುಡ್ಡನ್ನು ಸರಿಯಾದ ಹೆಡ್‌ನಿಂದ ತುಂಬಲಾಗದಿದ್ದರೆ 'ಆಂಟಿಡೆಫಿಷಿಯನ್ಸಿ' ಕಾಯ್ದೆ, ಅಂದರೆ ಸಂಸತ್ತು ಕೊಟ್ಟದ್ದನ್ನು ಮೀರಿ ಖರ್ಚು ಮಾಡಬಾರದು ಎನ್ನುವ ಕಾನೂನು, ಬಂದು ಕೂರುತ್ತದೆ. ಅಧ್ಯಕ್ಷರಿಗೂ ಸಂಸತ್ತಿಗೂ ವರದಿ ಹೋಗಬೇಕು. ಬೇಕೆಂದೇ ಮಾಡಿದ್ದರೆ 2 ವರ್ಷದವರೆಗೆ ಜೈಲು ಎಂದೂ ಕಾನೂನಿನಲ್ಲಿದೆ.

ಈ ಬೇಲಿಯಲ್ಲಿ ದೊಡ್ಡ ಬಾಗಿಲುಗಳೂ ಇವೆ, ಅದನ್ನು ಮುಚ್ಚಿಡಬಾರದು. 2019ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಸರ್ಕಾರದವರು ತುರ್ತು ಪರಿಸ್ಥಿತಿ ಘೋಷಿಸಿ, 127 ಸೇನಾ ಕಾಮಗಾರಿಗಳ 3.6 ಬಿಲಿಯನ್ ಡಾಲರನ್ನು ಮೆಕ್ಸಿಕೊ ಗಡಿಗೋಡೆಗೆ ತಿರುಗಿಸಿದರು. ಉಕ್ರೇನಿಗೆ ದಾಸ್ತಾನಿನಿಂದ ಕೊಟ್ಟ ಹಳೆಯ ಆಯುಧಗಳಿಗೆ ತಪ್ಪಾಗಿ ಹೊಸದರ ಬೆಲೆ ಹಾಕಿದ್ದೇವೆ ಎಂದು 2023ರಲ್ಲಿ ರಕ್ಷಣಾ ಇಲಾಖೆಯೇ ಒಪ್ಪಿಕೊಂಡಿತು. ಸರಿಯಾದ ಲೆಕ್ಕ ಹಾಕಿದಾಗ, ದಾಸ್ತಾನಿನಿಂದ ಕೊಡಲು ಸಂಸತ್ತು ಹಾಕಿದ್ದ ಮಿತಿಯೊಳಗೆ ಇನ್ನೂ 6.2 ಬಿಲಿಯನ್ ಡಾಲರ್ ಉಳಿದಿತ್ತು.

1984ರ ಆ ಉತ್ತರ ಅಮೆರಿಕದ ಲೆಕ್ಕಪರಿಶೋಧನಾ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ತರಬೇತಿಯ ಭಾಗ ಓದಿ. ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ, ಬಿಡಿಸಿ ಹೇಳುತ್ತೇನೆ.