ಹಾರ್ಡ್‌ವಿಕ್‌ಗೆ ಹೋಗುವಾಗ ಸ್ವೆಟರ್ ಇರಲಿ

ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ತಿಂಗಳಾಯಿತು, ಮೈಸೂರು ಅರಮನೆ ನೋಡಿ ಬೆಳೆದವಳಿಗೆ ಇಲ್ಲಿನ ಹಳ್ಳಿಗಾಡಿನ ಬಂಗಲೆಗಳಲ್ಲಿ ನೋಡುವಂಥದ್ದೇನಿದೆ, ಟಿಕೆಟ್ ದುಡ್ಡು ದಂಡವಲ್ಲವೇ ಎಂದು ಕೇಳಿದ್ದೀರಿ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿರುವ ನಾನೂ ಮೊದಮೊದಲು ಇಂಥ ಮನೆಗಳಲ್ಲಿ ಆಕಳಿಸಿದವನೇ. ಚಿನ್ನದ ಚೌಕಟ್ಟು, ಯಾರದೋ ಮುತ್ತಾತನ ಚಿತ್ರ, ಅಡ್ಡಕ್ಕೊಂದು ಹಗ್ಗ. ನನ್ನ ಮಾತು ಕೇಳುವುದಾದರೆ ಮೊದಲು ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್‌ಗೆ ಹೋಗಿ. ಎಂ1 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವಾಗ ಗುಡ್ಡದ ಮೇಲೆ ಗೋಪುರಗಳ ಮನೆಯೊಂದು ಕಾಣುತ್ತದಲ್ಲ, ಅದೇ.

ಬೆಸ್ ಎಂಬ ಮಹಾ ಶ್ರೀಮಂತೆ 1590ರಲ್ಲಿ, ನಾಲ್ಕನೆಯ ಗಂಡ ತೀರಿಕೊಂಡ ವರ್ಷ, ಕಟ್ಟಿಸಲು ಶುರುಮಾಡಿ 1597ರಲ್ಲಿ ವಾಸಕ್ಕೆ ಬಂದಳು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಆರು ಗೋಪುರಗಳ ತುದಿಯಲ್ಲೂ ಆಕೆಯ ಪೂರ್ಣ ಹೆಸರಾದ ಎಲಿಜಬೆತ್ ಶ್ರೂಸ್‌ಬರಿಯ ಇ, ಎಸ್ ಅಕ್ಷರಗಳು ಕಲ್ಲಿನಲ್ಲಿ ಆಳೆತ್ತರಕ್ಕೆ ನಿಂತಿವೆ. ಸಂಕೋಚ ಆ ತಾಯಿಯ ಜಾಯಮಾನವಲ್ಲ.

ಒಳಗೆ ಹೋಗುವ ಮುಂಚೆ ಅಂಗಳದಲ್ಲಿ ನಿಂತು ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಆಳುಕಾಳುಗಳ ಅಂತಸ್ತು, ಕಿಟಕಿ ಗಿಡ್ಡ. ನಡುವೆ ಮನೆಯವರದು, ಕೊಂಚ ಎತ್ತರ. ಎಲ್ಲಕ್ಕಿಂತ ಮೇಲೆ ದೊಡ್ಡ ಅತಿಥಿಗಳ ದಿವಾನಖಾನೆ. ಅಲ್ಲಿ ಕಿಟಕಿಯೇ ಗೋಡೆ. ನಮ್ಮ ತೊಟ್ಟಿಮನೆ ಹೊರಗೆ ಮುಚ್ಚಿಕೊಂಡು ಬೆಳಕನ್ನು ನಡುವಿನ ತೊಟ್ಟಿಗೆ ಇಳಿಸಿಕೊಳ್ಳುತ್ತದೆ, ಇದು ತದ್ವಿರುದ್ಧ. ಗಾಜು ಆ ಕಾಲದಲ್ಲಿ ಬಲು ದುಬಾರಿ, ಆದರೆ ಬೆಸ್‌ಗೆ ಸ್ವಂತ ಗಾಜಿನ ಕುಲುಮೆಯೇ ಇತ್ತು. ಇಷ್ಟು ತೂತು ಬಿದ್ದ ಗೋಡೆ ನಿಂತಿರುವುದು ಹೇಗೆ ಎಂದರೆ, ಹೊಗೆಗೂಡುಗಳನ್ನು ಒಳಗೋಡೆಗಳಲ್ಲಿ ಅಡಗಿಸಿ ಹೊರಗೋಡೆಯನ್ನು ಕಿಟಕಿಗಳಿಗೇ ಬಿಟ್ಟುಕೊಟ್ಟಿದ್ದಾರೆ. ಸಾಲು ತಪ್ಪಬಾರದೆಂದು ಕೆಲವೆಡೆ ಗಾಜಿನ ಹಿಂದೆ ಬರೀ ಗೋಡೆ! ಅದನ್ನು ಪತ್ತೆಹಚ್ಚುವುದು ನನ್ನ ಮಗಳ ಆಟ.

ಮೇಲಿನ ಉದ್ದ ಪಡಸಾಲೆ ಸುಮಾರು 50 ಮೀಟರ್ ಇದೆ. ಕಾಲಡಿಗೆ ಜೊಂಡಿನ ಚಾಪೆ. ಗೋಡೆಯ ನೇಯ್ಗೆಚಿತ್ರಗಳ ಬಣ್ಣ ಮಾಸದಿರಲೆಂದು ಪರದೆ ಇಳಿಬಿಟ್ಟಿರುತ್ತಾರೆ. ಬೆಳಕಿಗೆಂದೇ ಕಟ್ಟಿದ ಮನೆಯೊಳಗೆ ಈಗ ಮಬ್ಬುಗತ್ತಲೆ, ಅದೊಂದು ಬೇಸರ. ಜೊತೆಗೆ ಚಳಿ. ನನ್ನ ಹೆಂಡತಿ ಮೊದಲ ಸಲ ಅಲ್ಲಿ ಶಾಲು ಬಿಗಿಯಾಗಿ ಹೊದ್ದುಕೊಂಡು, “ಇಷ್ಟೆಲ್ಲ ಗಾಜು ಹಾಕಿಸಿ ಆಮೇಲೆ ಒಲೆಯ ಮುಂದೆಯೇ ಕುಳಿತಿದ್ದಳೇನೋ ಪಾಪ” ಎಂದಿದ್ದಳು.

ಮುಂಭಾಗ ಪಶ್ಚಿಮಕ್ಕಿದೆ, ಆದ್ದರಿಂದ ಮಧ್ಯಾಹ್ನದ ಮೇಲೆ ಹೋಗಿ. ಇಳಿಬಿಸಿಲಿಗೆ ಗಾಜೆಲ್ಲ ಹೊತ್ತಿಕೊಂಡಂತಾಗುತ್ತದೆ. ಬಾಗಿಲು ಮುಚ್ಚುವ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.