ಹಳೇ ಫೈಲಿನಲ್ಲಿ ಹಳೇ ಗ್ರಾಹಕರ ಹೆಸರು

ಪ್ರಶ್ನೆ: ಕೊಟೇಶನ್ ಕಳಿಸಬೇಕಾದಾಗಲೆಲ್ಲ ನಾವು ಹಳೇ ವರ್ಡ್ ಫೈಲನ್ನೇ ಕಾಪಿ ಮಾಡಿ, ಹೆಸರು, ದರ, ತಾರೀಖು ಬದಲಿಸಿ, ಪಿಡಿಎಫ್ ಮಾಡಿ ಕಳಿಸುತ್ತೇವೆ. ಮೊನ್ನೆ ಹೊಸ ಗ್ರಾಹಕರೊಬ್ಬರು ಫೋನ್ ಮಾಡಿ, "ಬ್ರೌಸರ್‌ನಲ್ಲಿ ತೆರೆದ್ರೆ ಮೇಲ್ಗಡೆ ಬೇರೆ ಕಂಪನಿ ಹೆಸರು ಬರ್ತಿದೆ, ಇದು ನಮಗೇ ಕಳಿಸಿದ್ದಾ?" ಅಂದರು. ಪುಟಗಳಲ್ಲಿ ಎಷ್ಟು ಹುಡುಕಿದರೂ ಆ ಹೆಸರಿಲ್ಲ. ಎಲ್ಲಿಂದ ಬಂತು ಸರ್?

ಉತ್ತರ: ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದು ಫೈಲಿನ ಪ್ರಾಪರ್ಟೀಸ್‌ನಲ್ಲಿದೆ. ವರ್ಡ್‌ನಲ್ಲಿ ಫೈಲ್, ಇನ್ಫೋ ಒತ್ತಿ ನೋಡಿ. ಬಲಗಡೆ ಟೈಟಲ್, ಆಥರ್ ಅಂತ ಕಾಣುತ್ತದೆ. ಯಾರೋ ಎಂದೋ ಆ ಟೈಟಲ್ ತುಂಬಿರುತ್ತಾರೆ, ಪಿಡಿಎಫ್ ಮಾಡಿದಾಗ ಅದೂ ಜೊತೆಗೇ ಹೋಗುತ್ತದೆ, ಬ್ರೌಸರ್ ಫೈಲಿನ ಹೆಸರು ಬಿಟ್ಟು ಅದನ್ನೇ ಟ್ಯಾಬ್ ಮೇಲೆ ತೋರಿಸುತ್ತದೆ. ಕೆಲಸ ಬಿಟ್ಟು ಹೋದವರ ಹೆಸರು ಆಥರ್ ಅಂತ ಉಳಿದಿರುವುದೂ ಹೀಗೆಯೇ.

ಸುಮ್ನೆ ಕುತೂಹಲಕ್ಕೆ ಒಂದು ಕೆಲಸ ಮಾಡಿ. ಆ ವರ್ಡ್ ಫೈಲಿನ ಒಂದು ಕಾಪಿ ತೆಗೆದು, ಹೆಸರಿನ ಕೊನೆಯ ಡಾಕ್ಸ್ (docx) ಬದಲು ಜಿಪ್ (zip) ಅಂತ ಹಾಕಿ ತೆರೆಯಿರಿ. ಡಾಕ್‌ಪ್ರಾಪ್ಸ್ ಅನ್ನೋ ಫೋಲ್ಡರಿನಲ್ಲಿ ಎರಡು ಚಿಕ್ಕ ಫೈಲುಗಳಿರುತ್ತವೆ. ಬರೆದವರು, ಕೊನೆಗೆ ಸೇವ್ ಮಾಡಿದವರು, ಕಂಪನಿ ಹೆಸರು, ಎಷ್ಟು ನಿಮಿಷ ತಿದ್ದಿದ್ದು, ಎಲ್ಲ ಅಲ್ಲೇ ಇರುತ್ತದೆ.

ನಿಮ್ಮದು ಮುಜುಗರದಲ್ಲೇ ಮುಗಿಯಿತು. 2003ರಲ್ಲಿ ಬ್ರಿಟನ್ ಸರ್ಕಾರ ಇರಾಕ್ ಬಗ್ಗೆ ಒಂದು ವರದಿಯನ್ನು ವರ್ಡ್ ಫೈಲಾಗಿಯೇ ವೆಬ್‌ಸೈಟಿಗೆ ಹಾಕಿತ್ತು. ಆಗಿನ ವರ್ಡ್ ಕೊನೆಯ 10 ಸಲ ಯಾರು ಸೇವ್ ಮಾಡಿದ್ದರು ಅಂತ ಫೈಲಿನೊಳಗೇ ಇಟ್ಟುಕೊಳ್ಳುತ್ತಿತ್ತು. ಅದನ್ನು ತೆಗೆದು ನೋಡಿದವರಿಗೆ ಪ್ರಧಾನಿ ಕಚೇರಿಯಲ್ಲಿ ಯಾರು ಯಾರು ಅದಕ್ಕೆ ಕೈ ಹಾಕಿದ್ದರು ಅಂತ ಗೊತ್ತಾಗಿಬಿಟ್ಟಿತು.

ನನ್ನ ಪ್ರಕಾರ ಟೈಟಲ್, ಆಥರ್ ಚಿಕ್ಕ ತಲೆನೋವು. ಜಾಸ್ತಿ ಭಯಪಡಬೇಕಾದ್ದು ಟ್ರ್ಯಾಕ್ ಚೇಂಜಸ್‌ಗೆ, ಅಂದರೆ ಏನು ಅಳಿಸಿದಿರಿ, ಏನು ಸೇರಿಸಿದಿರಿ ಅಂತ ವರ್ಡ್ ಗುರುತಿಟ್ಟುಕೊಳ್ಳುವ ಸೌಲಭ್ಯಕ್ಕೆ. ಹಳೇ ಗ್ರಾಹಕರಿಗೆ ಕೊಟ್ಟ ದರ ಅಳಿಸಿ ಹೊಸ ದರ ಬರೆದಿರುತ್ತೀರಿ, ಪರದೆಯ ಮೇಲೆ ಹೊಸದು ಮಾತ್ರ ಕಾಣುವ ಹಾಗೆ ಇಟ್ಟಿರುತ್ತೀರಿ, ಆದರೆ ತಿದ್ದುಪಡಿಗಳನ್ನು ಅಕ್ಸೆಪ್ಟ್ ಮಾಡದೆ ವರ್ಡ್ ಫೈಲನ್ನೇ ಕಳಿಸಿದರೆ ಅಳಿಸಿದ ದರವೂ ಅವರ ಕೈಗೆ ಸಿಕ್ಕಿತು. ಕ್ರಾಪ್ ಮಾಡಿದ ಚಿತ್ರದ ಕಥೆಯೂ ಅಷ್ಟೇ, ಕತ್ತರಿಸಿದ ಭಾಗ ಒಳಗೇ ಉಳಿದಿರಬಹುದು.

ಪರಿಹಾರ ಸುಲಭ. ಮೊದಲು ಫೈಲಿನ ಒಂದು ಕಾಪಿ ಮಾಡಿಕೊಳ್ಳಿ, ಯಾಕಂದ್ರೆ ತೆಗೆದದ್ದೆಲ್ಲ ವಾಪಸ್ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಆ ಕಾಪಿಯಲ್ಲಿ ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್. ಏನೇನು ಅಡಗಿದೆ ಅಂತ ಅದೇ ಪಟ್ಟಿ ಕೊಡುತ್ತದೆ. ಬೇಡದ್ದರ ಪಕ್ಕದ ರಿಮೂವ್ ಆಲ್ ಒತ್ತಿ, ಸೇವ್ ಮಾಡಿ, ಆಮೇಲೆ ಪಿಡಿಎಫ್ ಮಾಡಿ. ಲಿಬ್ರೆ ಆಫೀಸ್ ಬಳಸುವವರಿಗೆ ಫೈಲ್, ಪ್ರಾಪರ್ಟೀಸ್‌ನಲ್ಲಿ ರೀಸೆಟ್ ಪ್ರಾಪರ್ಟೀಸ್ ಇದೆ.

ವರ್ಡ್‌ನಲ್ಲಿ ಹೀಗೆ ಮಾಡಿದ ಮೇಲೆ ಒಂದು ವಿಚಿತ್ರ ನೋಡುತ್ತೀರಿ. ಆ ಫೈಲಿನಲ್ಲಿ ಯಾರು ಕಾಮೆಂಟ್ ಹಾಕಿದರೂ ಸೇವ್ ಆದ ಮೇಲೆ ಹೆಸರು ಹೋಗಿ ಬರೀ ಆಥರ್ ಅಂತ ಬರುತ್ತದೆ. ಫೈಲ್ ಕೆಟ್ಟಿಲ್ಲ, ಸೇವ್ ಮಾಡಿದಾಗಲೆಲ್ಲ ಹೆಸರು ತೆಗೆಯುವ ಸೆಟ್ಟಿಂಗ್ ಆನ್ ಆಗಿದೆ, ಅಷ್ಟೇ. ಇನ್ಫೋ ಪುಟದಲ್ಲೇ ಅದನ್ನು ಆಫ್ ಮಾಡುವ ಲಿಂಕ್ ಇರುತ್ತದೆ.

ಹೀಗೆ ಶುದ್ಧ ಮಾಡಿದ ಒಂದು ಫೈಲಿನಲ್ಲಿ ಹೆಸರು, ದರದ ಜಾಗ ಖಾಲಿ ಬಿಟ್ಟು ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಟುಕೊಳ್ಳಿ. ಹೊಸ ಕೊಟೇಶನ್ ಅದರಿಂದಲೇ ಶುರುವಾಗಲಿ, ಹೋದ ತಿಂಗಳ ಫೈಲಿನಿಂದ ಬೇಡ.

ಪ್ರಶ್ನೆ: ಎಕ್ಸೆಲ್ ಚಾರ್ಟನ್ನು ಪವರ್‌ಪಾಯಿಂಟ್‌ಗೆ ಪೇಸ್ಟ್ ಮಾಡಿದರೆ ಚಾರ್ಟ್ ಮಾತ್ರ ತಾನೇ ಹೋಗೋದು?

ಉತ್ತರ: ಅಲ್ಲ! ಎಂಬೆಡ್ ಮಾಡಿದರೆ, ಅಂದರೆ ಚಾರ್ಟನ್ನು ಅದರ ಡೇಟಾ ಸಮೇತ ಕೂರಿಸಿದರೆ, ಪೂರ್ತಿ ವರ್ಕ್‌ಬುಕ್ಕೇ ಒಳಗೆ ಹೋಗುತ್ತದೆ, ಸಂಬಳದ ಶೀಟ್ ಇದ್ದರೆ ಅದೂ ಸೇರಿ. ಎಡಿಟ್ ಡೇಟಾ ಒತ್ತಿದವರಿಗೆ ಎಲ್ಲ ಸಿಗುತ್ತದೆ. ಹೊರಗೆ ಕಳಿಸುವುದಾದರೆ ಪೇಸ್ಟ್ ಮಾಡುವಾಗ ಪಿಕ್ಚರ್ ಅಂತ ಆರಿಸಿಕೊಳ್ಳಿ.